ನಾಲ್ಕನೇ ಮಾಳಿಗೆಯಲ್ಲಿ 15 ತಿಂಗಳು, ಡಿಪಾಜಿಟ್‌ಗಾಗಿ 47 ದಿನ

2025ರ ಅಕ್ಟೋಬರ್ 16ರ ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ ಮೊಬೈಲು ಟಿಣ್ ಅಂತು. 60,300 ರೂಪಾಯಿ ಜಮಾ. ಕಚೇರಿಯಲ್ಲಿ ಯಾರದೋ ಲೆಡ್ಜರ್ ತಾಳೆ ನೋಡುತ್ತ ಕೂತಿದ್ದೆ. ಹೊರಗೆ ಬಂದು ಮನೆಯವರಿಗೆ ಫೋನ್ ಹಚ್ಚಿ "ಬಂತ್ರೀ" ಎಂದೆ. ಏನು ಬಂತು ಎಂದು ಅವರು ಕೇಳಲಿಲ್ಲ. ಒಂದೂವರೆ ತಿಂಗಳಿಂದ ನಮ್ಮ ಮನೆಗೆ ಬರಬೇಕಾದದ್ದು ಅದೊಂದೇ ಇತ್ತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಬಾಡಿಗೆಗೆ ಇದ್ದದ್ದು 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ. ಕಟ್ಟಡದ ಹೆಸರು ಬರೆಯುವುದಿಲ್ಲ, ಅಲ್ಲಿ ಈಗಲೂ ನನ್ನ ಮಗಳ ಗೆಳತಿಯರಿದ್ದಾರೆ. ಚಾಳಿನಿಂದಲೋ ಓಣಿಯ ಮನೆಯಿಂದಲೋ ಮೊದಲ ಸಲ ಫ್ಲ್ಯಾಟಿಗೆ ಹೋಗುವವರಿಗೆ ಒಂದು ಮಾತು ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓಣಿಯ ಮನೆಗೆ ಒಬ್ಬ ಮಾಲಕ, ಫ್ಲ್ಯಾಟಿಗೆ ಇಬ್ಬರು. ಒಬ್ಬರು ಬಾಡಿಗೆ ತೊಗೊಳ್ಳುವವರು, ಇನ್ನೊಬ್ಬರು ಗೇಟು, ನೀರು, ಲಿಫ್ಟು ಕೈಯಲ್ಲಿಟ್ಟುಕೊಂಡ ಅಸೋಸಿಯೇಶನ್‌ನವರು. ನಾವು ಕರಾರು ಮಾಡಿಕೊಳ್ಳುವುದು ಮೊದಲಿನವರ ಜೊತೆ, ದಿನಾ ಬೆಳಗಾದರೆ ಎದುರಾಗುವವರು ಎರಡನೆಯವರು.

ನಮ್ಮದು ಗದಗ. ಮನೆಯವರಿಗೆ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕ ಮೇಲೆ ಒಂದು ವರ್ಷ ಗದಗಿನಿಂದಲೇ ಓಡಾಡಿದರು. ಗದಗ-ಹುಬ್ಬಳ್ಳಿ ಅರವತ್ತು ಕಿಲೋಮೀಟರಿನ ಒಳಗೇ ಇದೆ, ಆದರೆ ರಾತ್ರಿ ಪಾಳಿ ಇದ್ದಾಗ ಅದೇ ದೂರ ಇಮ್ಮಡಿಯಾಗುತ್ತದೆ. ನನಗೂ ದೇಶಪಾಂಡೆ ನಗರದ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅತ್ತೆ, ಮಗಳು, ನಾವಿಬ್ಬರು. ಶಾಲೆ ಶುರುವಾಗುವುದರೊಳಗೆ ಮನೆ ಆಗಬೇಕು ಅಂತ 2024ರ ಏಪ್ರಿಲ್‌ನಲ್ಲಿ ಹುಡುಕಲು ಹೊರಟೆವು.

ಕೇಶ್ವಾಪುರ, ಅಕ್ಷಯ ಪಾರ್ಕ್, ಶಿರೂರ ಪಾರ್ಕ್ ಎಲ್ಲ ಸುತ್ತಿದೆವು. ಎಲ್ಲ ಕಡೆ ಏಜೆಂಟರ ಮೊದಲ ಪ್ರಶ್ನೆ ಒಂದೇ. "ನಿಮ್ಮ ಪೈಕಿ ಯಾವ್ದ್ರಿ? ವೆಜ್ ಏನ್ರಿ?" ನಾವು ಮಾಂಸ ತಿನ್ನುವುದಿಲ್ಲ, ಹಾಗಾಗಿ ಐದು ವಾರದಲ್ಲಿ ಮನೆ ಸಿಕ್ಕಿತು. ಮನೆಯವರ ಜೊತೆ ಅದೇ ಮಶೀನಿನ ಮೇಲೆ, ಅದೇ ಪಗಾರಕ್ಕೆ ಕೆಲಸ ಮಾಡುವವರೊಬ್ಬರು ಮೂರು ತಿಂಗಳು ತಿರುಗಿ ಕೊನೆಗೆ ಊರ ಹೊರಗೆ ಮನೆ ಮಾಡಿದರು. ಆ ಪ್ರಶ್ನೆಯ ಲಾಭ ನನಗಾಯಿತು, ಅದನ್ನು ಮುಚ್ಚಿಟ್ಟು ಉಳಿದ ಕಷ್ಟ ಹೇಳುವುದು ಸರಿಯಲ್ಲ.

ಬಾಡಿಗೆ 13,500, ಮೆಂಟೇನೆನ್ಸ್ 2,200, ಡಿಪಾಜಿಟ್ 75,000. ಏಜೆಂಟರಿಗೆ ಒಂದು ತಿಂಗಳ ಬಾಡಿಗೆ. ಮಾಲಕರು ಪುಣೆಯಲ್ಲಿರುತ್ತಾರೆ, ಫೋನಿನಲ್ಲಿ ಬಹಳ ಮೃದು ಮನುಷ್ಯ. ಆ ವರ್ಷ ಬರಗಾಲದ ಬೇಸಿಗೆ, ಹಾಗಾಗಿ ನಾವು ಮೊದಲು ಕೇಳಿದ್ದೇ ನೀರು. "ಎರಡ ಬೋರ್ ಅದಾವ್ರಿ, ನೀರಿನ ಚಿಂತಿ ಬಿಟ್ಟಬಿಡ್ರಿ" ಎಂದರು ಏಜೆಂಟರು. ಅತ್ತೆ ಅಲ್ಲೇ ನನ್ನ ಕಿವಿಯಲ್ಲಿ, "ಚಿಂತಿ ಬಿಡ ಅಂದಾವ್ರ ಮಾತ ಕೇಳಬ್ಯಾಡ, ಕೊಡ ಎಲ್ಲಾ ತೊಗೊಂಡ ಬರೂಣು" ಎಂದರು.

ಕರಾರು 11 ತಿಂಗಳದ್ದು. ಎಲ್ಲರೂ ಹನ್ನೊಂದೇ ಯಾಕೆ ಬರೆಸುತ್ತಾರೆ ಎಂದು ಕೇಳುವವರಿದ್ದಾರೆ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದರ ಖರ್ಚು-ಓಡಾಟ ಉಳಿಸಲು ಒಂದು ತಿಂಗಳು ಕಡಿಮೆ. 500 ರೂಪಾಯಿಯ ಇ-ಸ್ಟ್ಯಾಂಪ್ ಕಾಗದ, ಟೈಪು ಮತ್ತು ನೋಟರಿ ಸೇರಿ 800. ಕರಾರು ಪೂರ್ತಿ ಇಂಗ್ಲಿಷಿನಲ್ಲಿ, ಬೆಂಗಳೂರಿನ ಯಾವುದೋ ಮನೆಯದನ್ನು ಎತ್ತಿಳಿಸಿದ್ದು. ಒಂದು ಕಡೆ ಜಯನಗರ ಅಂತ ಹಾಗೇ ಉಳಿದಿತ್ತು. ಜಯನಗರವನ್ನು ತಿದ್ದಿಸಿದೆ. ಅದರ ಕೆಳಗೇ ಇದ್ದ "ಅಸೋಸಿಯೇಶನ್ನಿಗೆ ಸಂಬಂಧಿಸಿದ ಎಲ್ಲ ಖರ್ಚು ಬಾಡಿಗೆದಾರರದ್ದು" ಎಂಬ ಸಾಲನ್ನು ಓದಿಯೂ ಬಿಟ್ಟೆ. ಲೆಕ್ಕ ಬರೆಯುವವಳು ನಾನು, ಮೆಂಟೇನೆನ್ಸ್ ಅಂದುಕೊಂಡು ಸಹಿ ಹಾಕಿದೆ. ಆ "ಎಲ್ಲ" ಎಂಬ ಎರಡಕ್ಷರಕ್ಕೆ ಮುಂದೆ 12,600 ರೂಪಾಯಿ ಬೆಲೆ ಬಂತು. ನೀವು ಬರೆಸುವಾಗ "ತಿಂಗಳ ಮೆಂಟೇನೆನ್ಸ್ ಇಷ್ಟು ರೂಪಾಯಿ, ಕಟ್ಟಡದ ದುರಸ್ತಿ-ಬಣ್ಣ ಮಾಲಕರದ್ದು" ಎಂದು ಬಿಡಿಸಿ ಬರೆಸಿ. ಕನ್ನಡದಲ್ಲಿ ಬರೆಸಿದರೂ ನಡೆಯುತ್ತದೆ, ಮನೆಯ ಹಿರಿಯರೂ ಓದಬಹುದು.

ಇನ್ನೊಂದು. ನಿಮ್ಮ ಮನೆಯಲ್ಲಿ ಯಾರಾದರೂ ಪಗಾರದಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಕೇಳುವವರಿದ್ದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದಾಗ ಮಾಲಕರ ಪ್ಯಾನ್ ನಂಬರ್ ಕೊಡಬೇಕಾಗುತ್ತದೆ. ಸಹಿ ಹಾಕುವ ದಿನವೇ ಕೇಳಿ. ಆಮೇಲೆ ಕೇಳಿದರೆ ಫೋನು ಎತ್ತುವುದು ನಿಧಾನವಾಗುತ್ತದೆ.

2024ರ ಜೂನ್ 1, ಶನಿವಾರ. ಗದಗಿನಿಂದ ಲಾರಿ ಬಿಟ್ಟದ್ದು ತಡವಾಗಿ, ಅಣ್ಣಿಗೇರಿಯಲ್ಲಿ ಟಾಯರ್ ಪಂಕ್ಚರ್ ಆಗಿ, ಗೇಟಿನ ಮುಂದೆ ನಿಂತಾಗ ಸಂಜೆ ಐದಕ್ಕೆ ಹತ್ತು ನಿಮಿಷ. ವಾಚ್‌ಮನ್ ಕಾಕಾ ಹೊರಗೆ ಬಂದು ಲಾರಿಯನ್ನೂ ಗಡಿಯಾರವನ್ನೂ ನೋಡಿದರು.

"ಸಾಮಾನ ಏರ್ಸೂದು ಹತ್ತರಿಂದ ಐದರ ತನಕಾ ಅಷ್ಟ್ರಿ. ನಾಳಿ ಐತವಾರ, ನಾಳೀನೂ ಬರಂಗಿಲ್ಲ."

"ಕಾಕಾ, ಲಾರಿ ತುಂಬ ಸಾಮಾನ ಐತ್ರಿ. ಸೋಮವಾರದ ಮಟಾ ಎಲ್ಲಿ ಇಡೂಣು?"

"ನನಗೂ ತಿಳಿತೈತಿ ತಂಗಿ. ಸೆಕ್ರೆಟರಿ ಸಾಹೇಬ್ರಿಗೆ ಫೋನ್ ಮಾಡ್ರಿ."

ಹತ್ತರಿಂದ ಐದು ಎಂಬ ಈ ನಿಯಮ ಮಾಲಕರಿಗೆ ಗೊತ್ತಿತ್ತಂತೆ, ಹೇಳುವುದು ಮರೆತಿತ್ತಂತೆ. ಸೆಕ್ರೆಟರಿಯವರು ಇಳಿದು ಬಂದು, ಫಾರ್ಮ್ ತುಂಬಿಸಿ, ಶಿಫ್ಟಿಂಗ್ ಚಾರ್ಜು ಅಂತ 3,000 ತೊಗೊಂಡು, ಗಾಡಿಯ ಸ್ಟಿಕರಿಗೆ 500 ಡಿಪಾಜಿಟ್ ಇಟ್ಟುಕೊಂಡು, "ಈ ಸರ್ತಿ ಅಷ್ಟ" ಎಂದು ಏಳರವರೆಗೆ ಬಿಟ್ಟರು. ಲಿಫ್ಟಿನಲ್ಲಿ ಸಾಮಾನು ಹಾಕುವಂತಿಲ್ಲ. ನಾಲ್ಕು ಮಾಳಿಗೆ ಮೆಟ್ಟಿಲು ಹತ್ತಿಸಲು ಹಮಾಲರು ಮೇಲೆ 2,400 ಕೇಳಿದರು, ಕೊಟ್ಟೆವು. ಅತ್ತೆಯ ತಿಜೋರಿಯನ್ನು ಮೂವರು ಹೊತ್ತು ತಂದು ಇಳಿಸಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ದುಃಖಕ್ಕಲ್ಲ, ಆ ಹುಡುಗರ ಕತ್ತಿನ ನರ ನೋಡಿ.

ಅಂದು ರಾತ್ರಿ, ಊಟ ಇಲ್ಲ, ಗ್ಯಾಸ್ ಜೋಡಿಸಿಲ್ಲ, ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಬಂದು ತಿಂದೆವು. ಮನೆಯವರು ಬೈದರೂ ಮಲಗುವ ಮೊದಲು ನಾನು ಒಂದು ಕೆಲಸ ಮಾಡಿದೆ. ಪ್ರತಿ ಖೋಲಿಯ ಗೋಡೆ, ನಳ, ಬಚ್ಚಲಿನ ನೆಲ, ಅಡುಗೆಮನೆಯ ಕಪಾಟಿನ ಬಾಗಿಲು, ಎಲ್ಲದರ ಫೋಟೋ ತೆಗೆದು ಮಾಲಕರಿಗೆ ವಾಟ್ಸಾಪ್ ಮಾಡಿದೆ. 43 ಫೋಟೋ. ಅವರು ಒಂದು ಕೈ ಮುಗಿಯುವ ಚಿತ್ರ ಕಳಿಸಿದರು. ಇಡೀ ಹದಿನೈದು ತಿಂಗಳಲ್ಲಿ ನಾನು ಮಾಡಿದ ಜಾಣತನ ಇದೊಂದೇ.

ಇನ್ನು ಕರೆಂಟು. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ನಿಮ್ಮ ಆಧಾರ್ ಹಿಂದಿನ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಜೋಡಣೆಯಾಗಿದ್ದರೆ ಅದನ್ನು ಬಿಡಿಸದೆ ಹೊಸ ಮನೆಗೆ ಜೋಡಿಸಲು ಬರುವುದಿಲ್ಲ. ಬಿಡಿಸಲು ಒಟಿಪಿ ಬೇಕು. ಒಟಿಪಿ ಹೋಗುವುದು ಆಧಾರಿನಲ್ಲಿರುವ ಮೊಬೈಲಿಗೆ. ಮನೆಯವರ ಆಧಾರಿನಲ್ಲಿದ್ದದ್ದು ಯಾವ ಕಾಲದ್ದೋ ಬಂದಾದ ಸಿಮ್. ಮೊದಲು ಆಧಾರಿಗೆ ಹೊಸ ನಂಬರ್ ಹಾಕಿಸಿ, ಅದು ಆಗುವವರೆಗೆ ಕಾದು, ಆಮೇಲೆ ಗದಗಿನದು ಬಿಡಿಸಿ, ಕರಾರಿನ ಪ್ರತಿ ಇಟ್ಟು ಹುಬ್ಬಳ್ಳಿಯದು ಜೋಡಿಸುವಷ್ಟರಲ್ಲಿ ಎರಡು ಬಿಲ್ಲು ಪೂರ್ತಿ ಕಟ್ಟಿಯಾಗಿತ್ತು.

ಜೋಡಣೆಯಾದ ಮೇಲೂ ಬಿಲ್ಲು ಸೊನ್ನೆ ಬರಲಿಲ್ಲ. ಪುಕ್ಕಟೆ ಯುನಿಟ್ ಲೆಕ್ಕ ಹಾಕುವುದು ಆ ಮೀಟರಿನ 2022-23ರ ಸರಾಸರಿಯ ಮೇಲೆ. ಆ ವರ್ಷ ನಮ್ಮ ಫ್ಲ್ಯಾಟು ಹೆಚ್ಚಾಗಿ ಕೀಲಿ ಹಾಕಿಯೇ ಇತ್ತು, ಹೀಗಾಗಿ ನಮ್ಮ ಪಾಲಿಗೆ ಬಂದದ್ದು 52 ಯುನಿಟ್ ಮಾತ್ರ. ನಾವು ಸುಡುತ್ತಿದ್ದದ್ದು ನೂರರ ಮೇಲೆ. ಉಳಿದದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಮನೆ ನೋಡಲು ಹೋದಾಗ ಹಳೆಯ ಒಂದು ಕರೆಂಟ್ ಬಿಲ್ಲು ಕೇಳಿ ನೋಡಿ, ಯಾರೂ ಕೇಳುವುದಿಲ್ಲ. ಕಾಮನ್ ಲೈಟು, ಲಿಫ್ಟು, ಬೋರಿನ ಮೋಟರು ಬೇರೆ ಮೀಟರು. ಅದು ಮೆಂಟೇನೆನ್ಸಿನಲ್ಲಿ ಬರುತ್ತದೆ.

ಮೊದಲ ಐದು ತಿಂಗಳು ಸುಖವಾಗಿಯೇ ಇತ್ತು, ಸುಳ್ಳು ಹೇಳಬಾರದು. ಮಗಳು ಪಾರ್ಕಿಂಗಿನಲ್ಲಿ ಸೈಕಲ್ ಕಲಿತಳು. ಅತ್ತೆ ಎರಡನೇ ಮಾಳಿಗೆಯ ಒಬ್ಬರಿಗೆ ಪುಂಡಿಪಲ್ಲೆ ಕೊಟ್ಟು ಗೆಳೆತನ ಮಾಡಿಕೊಂಡರು. ಸೆಪ್ಟೆಂಬರಿನಲ್ಲಿ ಗಣಪತಿ ಪಟ್ಟಿ ಅಂತ ಮನೆಗೆ 1,001 ಎತ್ತಿದರು, ಬಾಡಿಗೆದಾರರು-ಮಾಲಕರು ಅಂತ ಭೇದ ಮಾಡಲಿಲ್ಲ.

ನವೆಂಬರಿನಲ್ಲಿ ಕೆಳಗಿನ ಮನೆಯ ಕಾಕಾ ಬಾಗಿಲು ಬಡಿದರು. ರಿಟಾಯರ್ ಆದವರು, ಸಿಟ್ಟಿನ ಮನುಷ್ಯರಲ್ಲ. ಕರೆದುಕೊಂಡು ಹೋಗಿ ತಮ್ಮ ಬಚ್ಚಲಿನ ಛತ್ತು ತೋರಿಸಿದರು. ತಟ್ಟೆಯಷ್ಟಗಲ ಕಲೆ, ನಡುವೆ ಹನಿ.

"ನಿಮ್ಮ ಬಚ್ಚಲದಿಂದ ಇಳೀತೈತವ್ವಾ. ನಾ ಯಾರಿಗೆ ಹೇಳಬೇಕಂತನ ತಿಳೀವಲ್ದು."

ನನಗೂ ತಿಳಿಯಲಿಲ್ಲ. ಸೆಕ್ರೆಟರಿ ಹೇಳಿದರು, ಫ್ಲ್ಯಾಟಿನ ಒಳಗಿನದು ಮಾಲಕರದ್ದು. ಮಾಲಕರು ಹೇಳಿದರು, ಕಟ್ಟಡದ ಪೈಪು ಅಸೋಸಿಯೇಶನ್ನಿನದು. ಮೂರು ವಾರ ಇದೇ ನಡೆಯಿತು, ಅಷ್ಟರಲ್ಲಿ ಕಾಕಾ ಬಚ್ಚಲಿಗೆ ಛತ್ರಿ ಹಿಡಿದು ಹೋಗುವುದಾಗಿ ಚೇಷ್ಟೆ ಮಾಡುತ್ತಿದ್ದರು, ಆಮೇಲೆ ಚೇಷ್ಟೆಯನ್ನೂ ನಿಲ್ಲಿಸಿದರು. ನಾನು ಲಿಫ್ಟಿನಲ್ಲಿ ಅವರು ಇದ್ದರೆ ಮೆಟ್ಟಿಲು ಇಳಿಯುತ್ತಿದ್ದೆ. ಕೊನೆಗೆ ಮಾಲಕರು, "ನೀವ ಮಾಡಿಸ್ಬಿಡ್ರಿ, ಆಮ್ಯಾಲೆ ನೋಡೂಣು" ಎಂದರು. ಪ್ಲಂಬರ್ ಬಂದು ಬಚ್ಚಲಿನ ನೆಲದ ಮೂಲೆ ಒಡೆದು, ಜಾಲರಿಯ ಕೆಳಗಿನ ಜೋಡಣೆ ಬಿಟ್ಟಿದೆ ಎಂದ. ಹೊಸ ಜೋಡಣೆ, ವಾಟರ್‌ಪ್ರೂಫಿಂಗ್, ನಾಲ್ಕು ಫರಸಿ, ಕೂಲಿ ಸೇರಿ 8,600. ಎರಡು ದಿನ ಸ್ನಾನಕ್ಕೆ ಅತ್ತೆಯ ಗೆಳತಿಯ ಮನೆ.

"ಆಮ್ಯಾಲೆ ನೋಡೂಣು" ಎಂಬ ಮಾತಿನ ಮೇಲೆ 8,600 ಬಿಡಲು ನನಗೆ ಧೈರ್ಯವಾಗಲಿಲ್ಲ. ಬಿಲ್ಲಿನ ಫೋಟೋ ಕಳಿಸಿ, "ಜನವರಿ ಬಾಡಿಗೆಯಲ್ಲಿ ಇದನ್ನು ಮುರಿದುಕೊಂಡು 4,900 ಹಾಕುತ್ತೇನೆ, ಒಪ್ಪಿಗೆಯೇ?" ಎಂದು ಬರೆದೆ. ಒಂದು ದಿನ ಬಿಟ್ಟು "ಓಕೆ" ಅಂತ ಬಂತು. ಆ ಎರಡಕ್ಷರವನ್ನು ನಾನು ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ. ಮನೆಯವರು ನಕ್ಕರು.

ಬೇಸಿಗೆ ಬಂತು. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು: ಸವದತ್ತಿ ಹತ್ತಿರ ನವಿಲುತೀರ್ಥದ ರೇಣುಕಾಸಾಗರದಿಂದ ಅಮ್ಮಿನಬಾವಿಗೆ ಬಂದು, ಶುದ್ಧವಾಗಿ, ಇಲ್ಲಿಗೆ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು, ಉಳಿದವರಿಗೆ ಸರದಿ. ನಮ್ಮ ಕಟ್ಟಡದ ಹೌದಿಗೆ ನಗರದ ನೀರು ಸರದಿಯ ದಿನ ಬೀಳುತ್ತಿತ್ತು, ಉಳಿದ ದಿನ ಬೋರು. 2025ರ ಏಪ್ರಿಲ್‌ನಲ್ಲಿ ಒಂದು ಬೋರಿನ ಮೋಟರ್ ಸುಟ್ಟಿತು. ಇನ್ನೊಂದು ತಾಸಿಗೊಮ್ಮೆ ಗಾಳಿ ಉಗುಳುತ್ತಿತ್ತು.

ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಏಳು ಮಾತ್ರ ನೀರು ಅಂತ ಮಾಲಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರಂತೆ. ಆ ಗುಂಪಿನಲ್ಲಿ ಬಾಡಿಗೆದಾರರಿಲ್ಲ. ನಮ್ಮ ಮಾಲಕರು ಪುಣೆಯಲ್ಲಿ ಅದನ್ನು ಓದಿರಲೂಬಹುದು. ನಮಗೆ ತಿಳಿದದ್ದು ಎಂಟೂ ಹತ್ತಕ್ಕೆ, ಮಗಳ ತಲೆಗೆ ಸೀಗೇಕಾಯಿ ಹಚ್ಚಿದಾಗ.

ಆಗ ಅತ್ತೆಯ ಕೊಡಗಳು ಹೊರಬಂದವು. ಗದಗ-ಬೆಟಗೇರಿಯವರಿಗೆ ನೀರು ಕೂಡಿಡುವುದನ್ನು ಯಾರೂ ಕಲಿಸಬೇಕಿಲ್ಲ, ತುಂಗಭದ್ರೆಯ ನೀರು ನಳಕ್ಕೆ ಬರಲು ವಾರಗಟ್ಟಲೆ ಕಾದು ಬೆಳೆದವರು. ಆರು ಕೊಡ, ಒಂದು ಹಂಡೆ, ಎರಡು ಪ್ಲಾಸ್ಟಿಕ್ ಬ್ಯಾರಲ್ಲು. ಫ್ಲ್ಯಾಟಿನಲ್ಲಿ ಇವನ್ನೆಲ್ಲ ಎಲ್ಲಿಡುವುದು ಎಂದು ಜೂನ್‌ನಲ್ಲಿ ನಾನು ಜಗಳಾಡಿದ್ದೆ. ಏಪ್ರಿಲ್‌ನಲ್ಲಿ ಎದುರು ಮನೆಯವರು ಚರಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅತ್ತೆ ಕೊಟ್ಟರು, ಆಮೇಲೆ ನನ್ನ ಕಡೆ ಒಂದು ಸಲ ನೋಡಿದರು ಅಷ್ಟೆ.

ಟ್ಯಾಂಕರ್ ಬರತೊಡಗಿತು. ಮನೆಗೆ ತಿಂಗಳಿಗೆ 600 ಹೆಚ್ಚು. ಪಾರ್ಕಿಂಗಿನಲ್ಲಿ ಮೀಟಿಂಗ್ ಕರೆದರು, ನಾನೂ ಹೋದೆ. 600 ಯಾವ ಲೆಕ್ಕ, ಎಷ್ಟು ಟ್ಯಾಂಕರ್ ಬಂದವು ಅಂತ ಬರೆದು ಹಚ್ಚಿರಿ ಎಂದೆ. ಸೆಕ್ರೆಟರಿ ಮೆತ್ತಗೇ ಹೇಳಿದರು: "ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇದು ಮೆಂಬರ್ಸ್ ಮೀಟಿಂಗ್. ನಿಮ್ಮ ಮಾಲಕರ ಕಡಿಂದ ಹೇಳಸ್ರಿ."

ನೀರು ಕುಡಿಯುವವರು ನಾವು, ರೊಕ್ಕ ಕೊಡುವವರು ನಾವು, ಮಾತಾಡಬೇಕಾದವರು ಪುಣೆಯಲ್ಲಿ. ಕುರ್ಚಿ ಹಿಂದೆ ಸರಿಸಿ ಎದ್ದು ಬಂದೆ. ನ್ಯಾಯವಾಗಿ ಹೇಳಬೇಕೆಂದರೆ ಅಸೋಸಿಯೇಶನ್ನಿನ ಸದಸ್ಯರು ಮಾಲಕರೇ, ಅವರ ಬೈಲಾ ಹಾಗೇ ಇರುತ್ತದೆ. ಸೆಕ್ರೆಟರಿ ಹೇಳಿದ್ದು ತಪ್ಪಲ್ಲ. ಆದರೂ ಅಂದು ಅಡುಗೆ ಮಾಡಲು ಮನಸ್ಸಾಗಲಿಲ್ಲ. ಒಂದು ವಾರದ ನಂತರ ಲಿಫ್ಟಿನ ಪಕ್ಕ ಟ್ಯಾಂಕರಿನ ಲೆಕ್ಕ ಹಚ್ಚಿತ್ತು. ಹಚ್ಚಿಸಿದವರು ಖಜಾಂಚಿ, ಅಂದರೆ ಅತ್ತೆಯ ಪುಂಡಿಪಲ್ಲೆಯ ಗೆಳತಿ. ಈ ಹೆಂಗಸು ಮುಂದೆ ಮತ್ತೊಮ್ಮೆ ಬರುತ್ತಾರೆ.

ಏಪ್ರಿಲ್ ಕೊನೆಗೆ ಕರಾರು ಮುಗಿಯಿತು. "ನಡೀಲಿ ಬಿಡ್ರಿ, ನಿಮ್ಮಂಥಾ ಮಂದಿಗೆ ಕಾಗದ ಯಾಕ" ಎಂದರು ಮಾಲಕರು. ನನಗೂ ಆ ಮಾತು ಹಿತವಾಗಿ ಕೇಳಿತು, ಸುಮ್ಮನಾದೆ. ಜೂನ್ ಕೊನೆಗೆ ಫೋನು: ಜುಲೈನಿಂದ 17,000, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಬಿಡಿ. ಕಾಗದ ಇದ್ದಿದ್ದರೆ ಹನ್ನೊಂದು ತಿಂಗಳು ನೆಮ್ಮದಿ ಇರುತ್ತಿತ್ತು. ಬಿಡುತ್ತೇವೆ ಎಂದು ಬರೆದು ಕಳಿಸಿದೆವು. ನವನಗರದ ಕಡೆ ಒಂದು ಓಣಿಯಲ್ಲಿ ಕೆಳಮನೆ ಸಿಕ್ಕಿತು.

ಆಗಸ್ಟ್ 31 ಭಾನುವಾರ. ಭಾನುವಾರ ಸಾಮಾನು ಇಳಿಸುವಂತಿಲ್ಲ, ಹಾಗಾಗಿ 30ರ ಶನಿವಾರ. ನಾನು ಪಂಚಾಂಗ ನೋಡದೆ ತಪ್ಪು ಮಾಡಿದೆ. ಗಣೇಶ ಚೌತಿ 27ಕ್ಕೆ ಆಗಿತ್ತು, ಪಾರ್ಕಿಂಗಿನ ನಡುವೆ ಮಂಟಪ, ಅದರ ಸುತ್ತ ಹಗ್ಗ. ಸಾಮಾನಿನ ಟಂಟಂ ಗಾಡಿ ಒಳಗೆ ಬರುವುದೇ ಇಲ್ಲ. ಹಮಾಲರು ಗಣಪತಿಯ ಬೆನ್ನ ಹಿಂದಿನಿಂದ ತಿಜೋರಿ ಹೊತ್ತು ಗೇಟಿನವರೆಗೆ ನಡೆದರು.

ಗೇಟಿನಲ್ಲಿ ವಾಚ್‌ಮನ್ ಕಾಕಾ ಎನ್‌ಒಸಿ, ಅಂದರೆ ಹೋಗಲು ಅಡ್ಡಿಯಿಲ್ಲ ಎಂಬ ಅಸೋಸಿಯೇಶನ್ನಿನ ಚೀಟಿ ಕೇಳಿದರು. ಎನ್‌ಒಸಿಗೆ ಸೆಕ್ರೆಟರಿ ಬಾಕಿ ಕೇಳಿದರು. ಬಾಕಿ ನನ್ನ ಲೆಕ್ಕದಲ್ಲಿ ಸೊನ್ನೆ, ಅವರ ಲೆಕ್ಕದಲ್ಲಿ 12,600. ಕಟ್ಟಡದ ಹೊರಗೋಡೆಯ ಬಣ್ಣಕ್ಕೆ ಮನೆಗೆ 12,000, ತಡವಾದದ್ದಕ್ಕೆ 600. ಚೀಟಿ ಜೂನ್‌ನಲ್ಲೇ ನಮ್ಮ ಬಾಗಿಲ ಸಂದಿಗೆ ಬಿದ್ದಿತ್ತು, ಮಾಲಕರಿಗೆ ಕಳಿಸಿದ್ದೆ, ಅವರು ಉತ್ತರಿಸಿರಲಿಲ್ಲ.

ಮಾಲಕರಿಗೆ ಫೋನ್ ಮಾಡಿದೆ. "ನೀವ ಕಟ್ಟಿಬಿಡ್ರಿ. ಅಗ್ರಿಮೆಂಟ್‌ನ್ಯಾಗ ಎಲ್ಲಾ ಖರ್ಚು ನಿಮ್ಮದಂತನ ಐತಲ್ರಿ."

ಎಲ್ಲಾ! ಅದೇ ಸಾಲು.

ಎರಡೂವರೆ ತಾಸು. ಟಂಟಂನವನು ಹಾರ್ನ್ ಹೊಡೆಯುತ್ತಾನೆ, ಹಮಾಲರು ಕೂತದ್ದಕ್ಕೆ 500 ಬೇರೆ ಕೇಳುತ್ತಾರೆ, ಮಂಟಪದಲ್ಲಿ ಆರತಿಯ ಹಾಡು. ಅತ್ತೆ ಟಂಟಂನಲ್ಲಿದ್ದ ತಮ್ಮದೇ ಮಂಚದ ಮೇಲೆ ಕೂತುಬಿಟ್ಟಿದ್ದರು, ರಸ್ತೆಯಲ್ಲಿ ಹೋಗುವವರು ನೋಡಿಕೊಂಡು ಹೋಗುತ್ತಿದ್ದರು. ನನಗೆ ಅಳು, ನಾಚಿಕೆ, ಸಿಟ್ಟು ಯಾವುದು ಮೊದಲು ಬಂತೋ ನೆನಪಿಲ್ಲ.

ಆರತಿ ಮುಗಿಸಿ ಖಜಾಂಚಿ ವೈನಿ ಬಂದರು, ಕೈಯಲ್ಲಿ ಪ್ರಸಾದದ ತಾಟು. ಕೇಳಿಸಿಕೊಂಡು, ಒಳಗೆ ಹೋಗಿ ಠರಾವು ಪುಸ್ತಕ ತಂದು ಸೆಕ್ರೆಟರಿಯ ಮುಂದೆ ಬಿಚ್ಚಿದರು. ಜೂನ್ ಸಭೆಯ ಠರಾವು ಅವರದೇ ಅಕ್ಷರ: ಬಣ್ಣದ ಖರ್ಚು ಫ್ಲ್ಯಾಟಿನ ಮಾಲಕರಿಂದ ವಸೂಲು ಮಾಡತಕ್ಕದ್ದು. "ನಾವ ಬರದದ್ದ ನಾವ ಓದ್ಲಿಲ್ಲಂದ್ರ ಹ್ಯಾಂಗ್ರಿ ಸರ?" ಎಂದರು. ಸೆಕ್ರೆಟರಿ ಎನ್‌ಒಸಿ ಬರೆದರು, ಕೆಳಗೆ "12,600 ಮಾಲಕರಿಂದ ಬರತಕ್ಕದ್ದು" ಎಂದೂ ಸೇರಿಸಿದರು. ನಾನು ಆ ಪುಟದ ಫೋಟೋ ತೆಗೆದುಕೊಂಡೆ. ಹೋಗುವ ಶಿಫ್ಟಿಂಗ್ ಚಾರ್ಜು ಮತ್ತೆ 3,000 ಕಟ್ಟಿ ಹೊರಬಿದ್ದೆವು.

ಹತ್ತು ದಿನಕ್ಕೆ ಮಾಲಕರ ಲೆಕ್ಕ ಬಂತು. ಮನೆಯೊಳಗಿನ ಬಣ್ಣ 13,500, ಕಟ್ಟಡದ ಬಣ್ಣ 12,600, ಕೆಳಗಿನ ಮನೆಯ ಸೋರಿಕೆಯ ನಷ್ಟ 11,000, ಸ್ವಚ್ಛತೆ 3,000, ಕಪಾಟಿನ ಹಿಡಿಕೆ 1,200. ಒಟ್ಟು 41,300 ಮುರಿದು ನಮಗೆ 33,700. ಒಳಗಿನ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂದು ಕರಾರಿನಲ್ಲೇ ಇತ್ತು, ಒಪ್ಪಿದೆ. ಹಿಡಿಕೆ ಮಗಳು ಜೋತುಬಿದ್ದು ಮುರಿದದ್ದು ನಿಜ, ಒಪ್ಪಿದೆ. ಉಳಿದ 26,600ಕ್ಕೆ ಒಂದೊಂದಕ್ಕೂ ಕಾಗದ ಕಳಿಸಿದೆ. ಕೆಳಗಿನ ಕಾಕಾ ಕೂಡ "ನನಗ ಯಾ ನಷ್ಟಾನೂ ಬರೂದಿಲ್ಲ, ಛತ್ತು ಒಣಗೇತಿ" ಎಂದು ಬರೆದುಕೊಟ್ಟರು. ಮಾಲಕರ ಕಡೆಯಿಂದ ನೀಲಿ ಗುರುತು ಎರಡು, ಉತ್ತರ ಇಲ್ಲ. ಫೋನು ಎತ್ತುವುದೂ ನಿಂತಿತು. ದಸರಾ ಹೋಯಿತು.

ಕಚೇರಿಯ ಸಾಹೇಬರು ಒಂದು ದಾರಿ ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಪುಕ್ಕಟೆ. ನನಗೆ ಇದು ಮೂವತ್ತೆಂಟನೇ ವಯಸ್ಸಿಗೆ ಗೊತ್ತಾಯಿತು. ತಿಮ್ಮಸಾಗರದ ಹೊಸ ಕೋರ್ಟ್ ಕಟ್ಟಡಕ್ಕೆ ಹೋದೆ, ಅರ್ಜಿ ಬರೆದೆ. ನನಗೆ ಕೊಟ್ಟ ವಕೀಲರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಲ್ಲೋ ಓದಿದ್ದನ್ನು ಹೇಳಿದೆ: 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ತೊಗೊಳ್ಳುವಂತಿಲ್ಲವಂತೆ, ನಾವು ಐದೂವರೆ ತಿಂಗಳಿನದು ಕೊಟ್ಟಿದ್ದೇವೆ. ಅವರು ನಕ್ಕರು. "ಅದು ಮಾದರಿ ರೀ ಮೇಡಂ. ರಾಜ್ಯದವರು ತಮ್ಮ ಕಾಯ್ದೆ ಮಾಡಿದ್ರ ಮಾತ್ರ ನಡೀತೈತಿ. ನಿಮ್ಮ ಫೈಲ್ ಕೊಡ್ರಿ, ಅದ ಸಾಕು."

ಫೈಲಿನಲ್ಲಿ ಇದ್ದದ್ದು: ಕರಾರು, ಬಾಡಿಗೆಯ ಬ್ಯಾಂಕ್ ಪಟ್ಟಿ, ಜೂನ್ 1ರ ಫೋಟೋಗಳು, ಪ್ಲಂಬರ್ ಬಿಲ್ಲು, "ಓಕೆ", ಠರಾವಿನ ಪುಟ, ಎನ್‌ಒಸಿ, ಕಾಕಾನ ಪತ್ರ. ವಕೀಲರು ಒಂದೂವರೆ ಪುಟದ ನೋಟಿಸು ಬರೆದರು. ರಜಿಸ್ಟರ್ ಮಾಡಲು ಅಂಚೆ ಕಚೇರಿಗೆ ಹೋದರೆ, ರಜಿಸ್ಟರ್ ಪೋಸ್ಟು ಈಗ ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ ಎಂದರು. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿದೆ. ಅಷ್ಟು ದಿನ ಉತ್ತರ ಬರೆಯಲು ಬಾರದಂತಿದ್ದ ಮಾಲಕರು ಕಾಗದ ಮುಟ್ಟಿದ ಸಂಜೆಯೇ ಫೋನ್ ಮಾಡಿದರು.

"ಏನ್ರಿ ಅಕ್ಕಾರ, ಮನಿ ಮಾತ ಕೋರ್ಟಿಗೆ ಒಯ್ಯೂದ?"

"ಕೋರ್ಟಿಗೆ ಒಯ್ದಿಲ್ಲರಿ ಸರ, ಪೋಸ್ಟಿಗೆ ಒಯ್ದೀನಿ."

ಒಂದು ಗಳಿಗೆ ಸುಮ್ಮನಿದ್ದು ಅವರೂ ನಕ್ಕರು. ಬಣ್ಣದ ಠರಾವು ತಮಗೆ ಗೊತ್ತೇ ಇರಲಿಲ್ಲ ಎಂದರು. ಇರಬಹುದು, ಪುಣೆಯಲ್ಲಿ ಕೂತವರಿಗೆ ಅವರ ಗುಂಪಿನಲ್ಲಿ ಬಂದದ್ದೆಲ್ಲ ತಲೆಗೆ ಹೋಗಬೇಕೆಂದಿಲ್ಲ. ನಾಲ್ಕನೇ ದಿನ ಹಣ ಬಂತು. ದೀಪಾವಳಿಗೆ ನಾಲ್ಕು ದಿನ ಇತ್ತು, ಅತ್ತೆ ಹೊಸ ಮನೆಯ ನಳದ ಕೆಳಗಿಡಲು ಇನ್ನೊಂದು ತಾಮ್ರದ ಕೊಡ ಬೇಕೆಂದರು, ನಾನು ಈ ಸಲ ಜಗಳಾಡಲಿಲ್ಲ.

ಹಳೆಯ ಆರ್‌ಆರ್ ನಂಬರು ಬಿಡಿಸಿಯಾಗಿದೆ, ಗ್ಯಾಸಿನ ವಿಳಾಸ ಬದಲಾಗಿದೆ. ಗಾಡಿಯ ಸ್ಟಿಕರಿನ 500 ಡಿಪಾಜಿಟ್ ಮಾತ್ರ ಇನ್ನೂ ಅಸೋಸಿಯೇಶನ್ನಿನಲ್ಲಿದೆ. ಕೇಳಿದ್ದಕ್ಕೆ ಹೊಸ ಕಮಿಟಿ ಆಗಲಿ ಎಂದಿದ್ದಾರೆ. ಸೋಮವಾರ ಕಚೇರಿ ಬಿಟ್ಟು ಬರುವಾಗ ಆ ದಾರಿಯಲ್ಲೇ ಬರುತ್ತೇನೆ. ರಸೀದಿ ಪರ್ಸಿನಲ್ಲಿದೆ.